ಬ್ರೌಸರ್ ಆಮೇಲೆ, ಮೊದಲು ಬ್ಲಾಕರ್

ಹೊಸ ಕಂಪ್ಯೂಟರ್ ತಗೊಂಡ ಸ್ನೇಹಿತರು ಯಾವ ಬ್ರೌಸರ್ ಹಾಕಿಕೊಳ್ಳಲಿ ಅಂತ ನನ್ನನ್ನು ಕೇಳುತ್ತಾರೆ. ನಾನು ವಾಪಸ್ ಒಂದು ಪ್ರಶ್ನೆ ಕೇಳುತ್ತೇನೆ. ಜಾಹೀರಾತು ತಡೆಯೋಕೆ ಏನು ಹಾಕಿಕೊಳ್ಳುತ್ತೀರಿ? ಅದು ತೀರ್ಮಾನ ಆದರೆ ಬ್ರೌಸರ್ ಯಾವುದು ಅನ್ನೋದು ತಾನಾಗಿಯೇ ತೀರ್ಮಾನ ಆಗುತ್ತದೆ. ವೇಗ, ಚಂದ, ಟ್ಯಾಬ್‌ಗಳ ಬಣ್ಣ ಇವೆಲ್ಲ ಆಮೇಲಿನ ಮಾತು. ಇವತ್ತು ಯಾವ ಬ್ರೌಸರ್ ತೆರೆದರೂ ಪುಟಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆ ಪುಟದ ಜೊತೆ ಇನ್ನೇನೇನು ಒಳಗೆ ಬರುತ್ತದೆ, ಅದನ್ನು ತಡೆಯುವ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಫೈರ್‌ಫಾಕ್ಸ್, ಅದರ ಮೇಲೆ ಯೂಬ್ಲಾಕ್ ಒರಿಜಿನ್ ಅನ್ನುವ ಆಡ್-ಆನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಅಷ್ಟೇ. ಬೇರೆ ಬ್ಲಾಕರ್ ಯಾವುದೂ ಬೇಡ.

ಕ್ರೋಮ್ ಯಾಕೆ ಬೇಡ ಅಂತ ಕೇಳುತ್ತೀರಿ ಅಲ್ವಾ? ಮೊದಲು ಒಂದು ವಿಷಯ. ಕ್ರೋಮ್ ಬಿಟ್ಟು ಎಡ್ಜ್‌ಗೆ ಹೋದೆ, ಒಪೆರಾಗೆ ಹೋದೆ ಅನ್ನುವವರು ನಿಜಕ್ಕೂ ಮನೆ ಬದಲಾಯಿಸಿರುವುದಿಲ್ಲ. ಒಪೆರಾ 2013ರಲ್ಲಿ ಪುಟ ಮೂಡಿಸುವ ತನ್ನ ಸ್ವಂತ ಎಂಜಿನ್ ಕೈಬಿಟ್ಟು, ಕ್ರೋಮ್‌ಗೆ ಬುನಾದಿಯಾದ ಗೂಗಲ್‌ನ ಕ್ರೋಮಿಯಂ ಹಿಡಿಯಿತು. ಎಡ್ಜ್ 2020ರಲ್ಲಿ ಅದೇ ದಾರಿಗೆ ಬಂತು. ವಿವಾಲ್ಡಿ, ಬ್ರೇವ್ ಹುಟ್ಟಿದ್ದೇ ಅದರ ಮೇಲೆ. ಕ್ರೋಮಿಯಂನಲ್ಲಿ ಗೂಗಲ್ ಒಂದು ಬದಲಾವಣೆ ಮಾಡಿದರೆ ಇವರೆಲ್ಲರಿಗೂ ಅದರ ಬಿಸಿ ತಟ್ಟುತ್ತದೆ.

ಅಂಥ ಒಂದು ಬದಲಾವಣೆಯ ಹೆಸರು ಮ್ಯಾನಿಫೆಸ್ಟ್ ವಿ3, ಆಡ್-ಆನ್‌ಗಳು ಏನು ಮಾಡಬಹುದು ಅನ್ನುವ ಹೊಸ ನಿಯಮಾವಳಿ. 2018ರ ಕೊನೆಗೆ ಗೂಗಲ್ ಇದರ ಸುದ್ದಿ ಬಿಟ್ಟಿತು. ಹಳೇ ಆಡ್-ಆನ್‌ಗಳನ್ನು ಆಫ್ ಮಾಡುವ ಕೆಲಸ 2024ರಲ್ಲಿ ಶುರುವಾಗಿ 2025ರಲ್ಲಿ ಮುಗಿಯಿತು. ಮೊದಲೆಲ್ಲ ಪುಟವೊಂದು ಹೊರಗಿನಿಂದ ಏನನ್ನೇ ತರಿಸಿಕೊಳ್ಳಲು ಹೋದರೂ ಬ್ರೌಸರ್ ಒಂದು ಕ್ಷಣ ನಿಂತು ಆಡ್-ಆನ್ ಅನ್ನು ಕೇಳುತ್ತಿತ್ತು: ಇದನ್ನು ಬಿಡಲಾ, ಬೇಡವಾ? ಆಡ್-ಆನ್ ಅಲ್ಲೇ ನೋಡಿ ಉತ್ತರ ಕೊಡುತ್ತಿತ್ತು. ಹೊಸ ಪದ್ಧತಿಯಲ್ಲಿ ಆಡ್-ಆನ್ ತನ್ನ ನಿಯಮಗಳ ಪಟ್ಟಿಯನ್ನು ಮೊದಲೇ ಬ್ರೌಸರ್‌ಗೆ ಕೊಟ್ಟು ಸುಮ್ಮನಿರಬೇಕು. ತೀರ್ಮಾನ ಬ್ರೌಸರ್‌ನದ್ದು. ಗೇಟಿನಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಒಳಗೆ ಬಿಡುತ್ತಿದ್ದ ಕಾವಲುಗಾರನನ್ನು ಮನೆಗೆ ಕಳಿಸಿ, ಅವನ ಕೈಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಂಡ ಹಾಗೆ.

ಸುರಕ್ಷತೆಗೆ, ಖಾಸಗಿತನಕ್ಕೆ, ವೇಗಕ್ಕೆ ಇದು ಬೇಕು ಅಂತ ಗೂಗಲ್ ಹೇಳಿತು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಅದಕ್ಕೆ ಕೆಳಗೆ ಬರುತ್ತೇನೆ. ಆದರೆ ಒಂದು ತಮಾಷೆ ನೋಡಿ. ನೀವು ಯಾವ ಪುಟಕ್ಕೆ ಹೋಗುತ್ತೀರಿ, ಅದು ಎಲ್ಲಿಂದ ಏನು ತರಿಸುತ್ತದೆ ಅಂತ ನೋಡುವ ಹಕ್ಕು ವಿ3ಯಲ್ಲೂ ಆಡ್-ಆನ್‌ಗಳಿಗೆ ಇದೆ. ಹೋಗಿದ್ದು ಅಲ್ಲೇ ಹಿಡಿದು ತಡೆಯುವ ಹಕ್ಕು. ಖಾಸಗಿತನದ ಚಿಂತೆ ಇದ್ದವರು ಉಲ್ಟಾ ಮಾಡಬೇಕಿತ್ತು ಅನಿಸುವುದಿಲ್ಲವೇ? ಗೂಗಲ್‌ನ ಗಳಿಕೆಯ ದೊಡ್ಡ ಪಾಲು ಜಾಹೀರಾತಿನಿಂದಲೇ ಬರುವುದು. ಉಳಿದದ್ದನ್ನು ನೀವೇ ಯೋಚಿಸಿ.

ಹಾಗಾಗಿ ಪೂರ್ತಿ ಯೂಬ್ಲಾಕ್ ಒರಿಜಿನ್ ಈಗ ಕ್ರೋಮ್‌ನಲ್ಲಿ ಓಡುವುದಿಲ್ಲ. ಕ್ರೋಮ್ ಬಿಡಲಾಗದವರಿಗೆ ವಿ3ಗೆ ಹೊಂದುವ ಯೂಬ್ಲಾಕ್ ಒರಿಜಿನ್ ಲೈಟ್ ಇದೆ. ಬರೆದವರು ಯೂಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ ಅವರೇ. ಕೆಟ್ಟದ್ದೇನಲ್ಲ. ಸುದ್ದಿ ಓದಿ, ಮೇಲ್ ನೋಡಿ ಮುಚ್ಚುವವರಿಗೆ ಅದೇ ಸಾಕು. ಆದರೆ ತಡೆಪಟ್ಟಿಗಳು ಆಡ್-ಆನ್‌ನ ಒಳಗೇ ಕಟ್ಟಿಕೊಂಡು ಬರುತ್ತವೆ. ಪಟ್ಟಿ ಹೊಸದಾಗಬೇಕಾದರೆ ಆಡ್-ಆನ್‌ನ ಹೊಸ ಆವೃತ್ತಿಯೇ ಬರಬೇಕು. ಪೂರ್ತಿ ಯೂಬ್ಲಾಕ್‌ನಲ್ಲಿ ಪಟ್ಟಿಗಳು ತಮ್ಮ ಪಾಡಿಗೆ ಹೊಸದಾಗುತ್ತಿರುತ್ತವೆ. ಯೂಟ್ಯೂಬ್‌ನಂಥ ಕಡೆ ಇವತ್ತು ತಡೆದ ಜಾಹೀರಾತು ನಾಳೆ ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ಈ ತಡ ಗೊತ್ತಾಗುತ್ತದೆ. ಇನ್ನೊಂದು, ನಾನು ದಿನವಿಡೀ ಬಳಸುವ ಡೈನಮಿಕ್ ಫಿಲ್ಟರಿಂಗ್ ಲೈಟ್‌ನಲ್ಲಿ ಇಲ್ಲವೇ ಇಲ್ಲ.

ಈ ಡೈನಮಿಕ್ ಫಿಲ್ಟರಿಂಗ್ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತುಂಬಾ ಜನ ಯೂಬ್ಲಾಕ್ ಹಾಕಿ, ಜಾಹೀರಾತು ಹೋಯಿತು ಅಂತ ಖುಷಿಪಟ್ಟು ಅಲ್ಲಿಗೇ ಬಿಡುತ್ತಾರೆ. ನಿಜವಾದ ಮಜಾ ಇರೋದು ಇಲ್ಲಿ.

ಸೆಟ್ಟಿಂಗ್ಸ್‌ನಲ್ಲಿ 'ನಾನು ಮುಂದುವರಿದ ಬಳಕೆದಾರ' ಎಂಬ ಅರ್ಥದ ಒಂದು ಚೌಕ ಇದೆ. ಅದಕ್ಕೆ ಟಿಕ್ ಹಾಕಿ. ಆಮೇಲೆ ಯಾವುದಾದರೂ ಸುದ್ದಿ ಪುಟಕ್ಕೆ ಹೋಗಿ ಯೂಬ್ಲಾಕ್‌ನ ಐಕಾನ್ ಒತ್ತಿ, ಪ್ಯಾನೆಲ್ ಅನ್ನು ಪೂರ್ತಿ ಬಿಚ್ಚಿ. ಎಡಗಡೆ ಒಂದು ಉದ್ದ ಪಟ್ಟಿ ಕಾಣುತ್ತದೆ. ಆ ಪುಟ ಯಾವ್ಯಾವ ಡೊಮೇನ್‌ಗಳ, ಅಂದರೆ ವೆಬ್ ವಿಳಾಸಗಳ ಜೊತೆ ಮಾತಾಡಲು ಹೊರಟಿತ್ತು ಅನ್ನುವ ಪಟ್ಟಿ ಅದು. ಡಬಲ್‌ಕ್ಲಿಕ್, ಗೂಗಲ್ ಸಿಂಡಿಕೇಷನ್, ಟ್ಯಾಗ್ ಮ್ಯಾನೇಜರ್, ಟಬೂಲಾ, ಔಟ್‌ಬ್ರೇನ್, ಹೆಸರೇ ಕೇಳಿರದ ಇನ್ನೂ ಹಲವು. ನೀವು ಓದಲು ಹೋದದ್ದು ನಾಲ್ಕು ಪ್ಯಾರಾ ಸುದ್ದಿ.

ಪಟ್ಟಿಯ ಮೇಲ್ಭಾಗದಲ್ಲಿ ಮೂರನೆಯವರ (ಹೊರಗಿನವರ) ಸ್ಕ್ರಿಪ್ಟ್, ಮೂರನೆಯವರ ಫ್ರೇಮ್ ಅಂತ ಎರಡು ಸಾಲು ಇರುತ್ತವೆ. ಸ್ಕ್ರಿಪ್ಟ್ ಅಂದರೆ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಫ್ರೇಮ್ ಅಂದರೆ ಪುಟದೊಳಗೆ ಕೂರಿಸಿದ ಇನ್ನೊಂದು ಪುಟ. ಅವುಗಳ ಮುಂದೆ ಎರಡು ಕಾಲಂ. ಮೊದಲನೆಯದು ಎಲ್ಲ ಸೈಟ್‌ಗಳಿಗೆ, ಎರಡನೆಯದು ಈಗ ತೆರೆದಿರುವ ಸೈಟ್‌ಗೆ ಮಾತ್ರ. ಮೊದಲ ಕಾಲಂನಲ್ಲಿ ಆ ಎರಡನ್ನೂ ಕೆಂಪು ಮಾಡಿ. ಇದಕ್ಕೆ ಮೀಡಿಯಂ ಮೋಡ್ ಅನ್ನುತ್ತಾರೆ. ಈಗ ಯಾವ ಪುಟವೂ ತನ್ನ ಸ್ವಂತ ಸ್ಕ್ರಿಪ್ಟ್ ಬಿಟ್ಟು ಹೊರಗಿನವರ ಸ್ಕ್ರಿಪ್ಟ್ ಓಡಿಸಲಾರದು. ತಡೆಪಟ್ಟಿಯಲ್ಲಿ ಹೆಸರು ಇರಲಿ, ಇಲ್ಲದಿರಲಿ.

ಕೆಲವು ಪುಟ ಮುರಿಯುತ್ತವೆ, ಖಂಡಿತ. ಆಗ ಎರಡನೇ ಕಾಲಂಗೆ ಬನ್ನಿ. ಯಾವ ಡೊಮೇನ್ ಬೇಕೋ ಅದರ ಮುಂದಿನ ಖಾನೆಯನ್ನು ಬೂದು ಬಣ್ಣ ಮಾಡಿ, ಪುಟ ರೀಲೋಡ್ ಮಾಡಿ. ಸರಿಹೋದರೆ ಬೀಗದ ಐಕಾನ್ ಒತ್ತಿ. ಇಲ್ಲದಿದ್ದರೆ ಆ ನಿಯಮ ಉಳಿಯುವುದಿಲ್ಲ. ಹಸಿರು ಮಾಡಬೇಡಿ. ಹಸಿರು ಅಂದರೆ ತಡೆಪಟ್ಟಿಗಳನ್ನೂ ಮೀರಿ ಒಳಗೆ ಬಿಡು ಅಂತ. ಬೂದು ಅಂದರೆ ನನ್ನ ಕೆಂಪು ನಿಯಮ ಇಲ್ಲಿ ಬೇಡ, ಪಟ್ಟಿಗಳು ಹೇಳಿದ ಹಾಗೆ ಆಗಲಿ ಅಂತ. ನಮಗೆ ಬೇಕಾಗಿರುವುದು ಯಾವಾಗಲೂ ಬೂದು.

ಯಾವ ಡೊಮೇನ್ ಬಿಡಬೇಕು ಅಂತ ಮೊದಮೊದಲು ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಕಳೆದರೆ ಮುಖ ಪರಿಚಯ ಆಗುತ್ತದೆ. ಜೆಎಸ್‌ಡೆಲಿವರ್, ಸಿಡಿಎನ್‌ಜೆಎಸ್, ಗೂಗಲ್‌ಎಪಿಐಸ್ ಕಂಡರೆ ಅವು ಸಾಮಾನ್ಯವಾಗಿ ಪುಟ ಕಟ್ಟಲು ಬಳಸುವ ಸಿದ್ಧ ಕೋಡ್ ಇಟ್ಟಿರುವ ಜಾಗಗಳು, ಬಿಡಬಹುದು. ಸೈಟಿನ ಹೆಸರನ್ನೇ ಸ್ವಲ್ಪ ತಿರುಚಿದಂತೆ ಕಂಡು ಕೊನೆಗೆ ಸಿಡಿಎನ್ ಅಂತಿದ್ದರೆ ಹೆಚ್ಚಾಗಿ ಅವರದ್ದೇ ಚಿತ್ರಗಳ ಗೋದಾಮು. 'ನಾನು ರೋಬಾಟ್ ಅಲ್ಲ' ಅನ್ನುವ ಚೌಕ ಕಾಣದಿದ್ದರೆ ಗೂಗಲ್ ಡಾಟ್ ಕಾಮ್ ಮತ್ತು ಜಿಸ್ಟಾಟಿಕ್ ಎರಡನ್ನೂ ಬಿಡಬೇಕು, ಒಂದನ್ನೇ ಬಿಟ್ಟರೆ ಆಗುವುದಿಲ್ಲ. ವಿಡಿಯೋ ಜಾಗ ಖಾಲಿ ಇದ್ದರೆ ಯೂಟ್ಯೂಬ್‌ನ ಫ್ರೇಮ್ ಬಿಡಿ. ದುಡ್ಡು ಕಟ್ಟುವ ಪುಟಗಳ ವಿಷಯ ಮಾತ್ರ ಬೇರೆ. ಅಲ್ಲಿ ಪೇಮೆಂಟ್ ಗೇಟ್‌ವೇ ಒಂದು ಕಡೆ, ಒಟಿಪಿ ಕೇಳುವ ಬ್ಯಾಂಕಿನ ಪುಟ ಇನ್ನೊಂದು ಕಡೆ, ಮಧ್ಯದಲ್ಲಿ ಸಿಕ್ಕಿಕೊಂಡರೆ ತಲೆನೋವು. ಅಂಥ ಕೆಲಸಕ್ಕೆ ಒಂದು ಬೇರೆ ಫೈರ್‌ಫಾಕ್ಸ್ ಪ್ರೊಫೈಲ್ ಇಟ್ಟಿದ್ದೇನೆ. ಅದರಲ್ಲಿ ಯೂಬ್ಲಾಕ್ ಮಾಮೂಲಿ ಸ್ಥಿತಿಯಲ್ಲಿ ಇರುತ್ತದೆ, ಕೆಂಪು ಗಿಂಪು ಏನೂ ಇಲ್ಲ.

ಅದೇ ಪ್ಯಾನೆಲ್‌ನಲ್ಲಿ ವೆಬ್ ಫಾಂಟ್ ತಡೆಯುವ ಒಂದು ಗುಂಡಿಯೂ ಇದೆ. ಒತ್ತಿದರೆ ಕನ್ನಡ ಪುಟಗಳು ನಿಮ್ಮ ಕಂಪ್ಯೂಟರ್‌ನಲ್ಲಿರುವ ಫಾಂಟ್‌ನಲ್ಲೇ ಮೂಡುತ್ತವೆ. ನನಗೆ ಅದೇ ಇಷ್ಟ. ಒತ್ತಕ್ಷರ ಒಂದರ ಮೇಲೊಂದು ಹತ್ತಿ ಕೂರುವ ಅಲಂಕಾರದ ಫಾಂಟ್‌ಗಳಿಗಿಂತ ಓದಲು ಸಲೀಸು. ಮೆನು ಚಿಹ್ನೆಗಳ ಜಾಗದಲ್ಲಿ ಚೌಕ ಡಬ್ಬಿ ಕಾಣಬಹುದು, ಅಷ್ಟು ಸಹಿಸಿಕೊಳ್ಳಬೇಕು.

ನೋಸ್ಕ್ರಿಪ್ಟ್ ಯಾಕೆ ಬೇಡ ಅಂತ ಹಳಬರು ಕೇಳುತ್ತಾರೆ. ಜಾರ್ಜಿಯೋ ಮವೋನೆ 2005ರಲ್ಲಿ ಶುರುಮಾಡಿದ ನೋಸ್ಕ್ರಿಪ್ಟ್ ಮೇಲೆ ನನಗೆ ಬಹಳ ಗೌರವ. ಗುರುತು ಮರೆಸಿ ಓಡಾಡುವವರು ಬಳಸುವ ಟೋರ್ ಬ್ರೌಸರ್‌ನ ಒಳಗೇ ಅದನ್ನು ಸೇರಿಸಿ ಕೊಡುತ್ತಾರೆ. ಆದರೆ ಅದು ಪುಟದ ಸ್ವಂತ ಸ್ಕ್ರಿಪ್ಟ್‌ನಿಂದ ಹಿಡಿದು ಎಲ್ಲವನ್ನೂ ನಿಲ್ಲಿಸಿ ಶುರುಮಾಡುತ್ತದೆ. ಹೊಸ ಪುಟ ತೆರೆದಾಗಲೆಲ್ಲ ಪಂಚಾಯ್ತಿ. ಮತ್ತೆ ಒಂದು ಡೊಮೇನ್ ಅನ್ನು ನಂಬಿದೆ ಅಂತ ಒತ್ತಿದರೆ ಅದು ಎಲ್ಲ ಸೈಟ್‌ಗಳಲ್ಲೂ ಲಾಗೂ ಆಗುತ್ತದೆ. ಒಂದು ಸೈಟಿನ ಸಲುವಾಗಿ ಗೂಗಲ್‌ಗೆ ಬಾಗಿಲು ತೆಗೆದರೆ ಎಲ್ಲ ಕಡೆ ತೆಗೆದ ಹಾಗೆ. ಹಿಲ್ ಅವರದ್ದೇ ಇನ್ನೊಂದು ಆಡ್-ಆನ್ ಯೂಮ್ಯಾಟ್ರಿಕ್ಸ್ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. 2020ರಲ್ಲಿ ಅದರ ಕೆಲಸ ನಿಲ್ಲಿಸಿದರು. ನನಗೆ ಈಗಲೂ ಬೇಜಾರು.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಯೂಬ್ಲಾಕ್ ಬೇರೆ, ಯೂಬ್ಲಾಕ್ ಒರಿಜಿನ್ ಬೇರೆ. ಈ ಬರಹದಲ್ಲಿ ಚಿಕ್ಕದಾಗಿ ಯೂಬ್ಲಾಕ್ ಅಂದದ್ದೆಲ್ಲ ಒರಿಜಿನ್‌ಗೇ. ಹಿಲ್ 2014ರಲ್ಲಿ ಯೂಬ್ಲಾಕ್ ಬರೆದು, ಮರುವರ್ಷ ಅದನ್ನು ಬೇರೆಯವರ ಕೈಗೆ ಕೊಟ್ಟು, ಆಮೇಲೆ ತಮ್ಮದೇ ಕವಲನ್ನು ಒರಿಜಿನ್ ಅಂತ ಬೇರೆ ಮಾಡಿಕೊಂಡರು. ಹಳೇ ಹೆಸರು ಆಮೇಲೆ ಬೇರೊಂದು ಆಡ್‌ಬ್ಲಾಕ್ ಕಂಪನಿಗೆ ಹೋಯಿತು. ಕೊನೆಯಲ್ಲಿ ಒರಿಜಿನ್ ಅಂತ ಇದೆಯಾ ನೋಡಿ ಹಾಕಿಕೊಳ್ಳಿ. ಹಿಲ್ ಯಾರ ಹತ್ತಿರವೂ ದೇಣಿಗೆ ಕೇಳುವುದಿಲ್ಲ. ನನಗೆ ಅವರ ಮೇಲೆ ನಂಬಿಕೆ ಬರಲು ಅದೂ ಒಂದು ಕಾರಣ. ಆಡ್‌ಬ್ಲಾಕ್ ಪ್ಲಸ್‌ನವರು 2011ರಿಂದ 'ಒಪ್ಪಬಹುದಾದ ಜಾಹೀರಾತು' ಅಂತ ಒಂದು ವ್ಯವಸ್ಥೆ ಇಟ್ಟಿದ್ದಾರೆ. ದೊಡ್ಡ ಕಂಪನಿಗಳು ಅದಕ್ಕೆ ದುಡ್ಡು ಕೊಡುತ್ತವೆ. ಬೇಡವಾದರೆ ಆಫ್ ಮಾಡಬಹುದು, ಆದರೆ ಹಾಕಿದ ಕೂಡಲೇ ಅದು ಆನ್ ಆಗಿಯೇ ಇರುತ್ತದೆ.

ಗೂಗಲ್ ಮಾತಿನಲ್ಲಿ ಸ್ವಲ್ಪ ಹುರುಳಿದೆ ಅಂದೆನಲ್ಲ, ಅದು ಇದು. ಆಡ್-ಆನ್‌ಗಳು ಕೈ ಬದಲಾಗುತ್ತವೆ. ಯೂಬ್ಲಾಕ್ ಒರಿಜಿನ್‌ನಿಂದಲೇ ಕವಲೊಡೆದ ನ್ಯಾನೋ ಆಡ್‌ಬ್ಲಾಕರ್ ಅನ್ನು 2020ರಲ್ಲಿ ಅದರ ಡೆವಲಪರ್ ಮಾರಿದರು. ಕೊಂಡವರು ಮುಂದಿನ ಅಪ್‌ಡೇಟ್‌ನಲ್ಲೇ ಬಳಕೆದಾರರ ಮಾಹಿತಿ ಹೊರಗೆ ಕಳಿಸುವ ಕೋಡ್ ತುರುಕಿದರು. ಜನರ ಖಾತೆಗಳಿಂದ ಅವರಿಗೇ ಗೊತ್ತಿಲ್ಲದೆ ಇನ್‌ಸ್ಟಾಗ್ರಾಂನಲ್ಲಿ ಲೈಕ್‌ಗಳು ಬೀಳತೊಡಗಿದವು. ಟ್ಯಾಬ್‌ಗಳನ್ನು ಮಲಗಿಸುತ್ತಿದ್ದ ಗ್ರೇಟ್ ಸಸ್ಪೆಂಡರ್ ಕೂಡ ಹೀಗೇ ಕೈ ಬದಲಾಗಿ, 2021ರಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ಕಿತ್ತುಹಾಕಿತು. ಎಲ್ಲ ಪುಟದಲ್ಲಿರುವ ನಿಮ್ಮ ಮಾಹಿತಿ ನೋಡುವ ಅನುಮತಿ ಇರುವ ಆಡ್-ಆನ್ ಅಂದರೆ ನಿಮ್ಮ ಮೇಲ್, ನಿಮ್ಮ ಬ್ಯಾಂಕ್ ಎಲ್ಲ ನೋಡಬಲ್ಲದು ಅಂತಲೇ ಅರ್ಥ. ಅದಕ್ಕೇ ಬ್ಲಾಕರ್ ಒಂದೇ ಸಾಕು ಅನ್ನುವುದು. ಎರಡು ಬ್ಲಾಕರ್ ಒಟ್ಟಿಗೆ ಹಾಕಿದರೆ ರಕ್ಷಣೆ ದುಪ್ಪಟ್ಟು ಆಗುವುದಿಲ್ಲ. ಒಂದು ಮಾಡಿದ ಸೂಕ್ಷ್ಮ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ, ಸೈಟ್‌ಗೆ ನಿಮ್ಮ ಬ್ಲಾಕರ್ ಸಿಕ್ಕಿಬೀಳುತ್ತದೆ. ಪ್ರೈವೆಸಿ ಬ್ಯಾಡ್ಜರ್, ಘೋಸ್ಟರಿ ಒಳ್ಳೆಯವೇ ಇರಬಹುದು, ಯೂಬ್ಲಾಕ್ ಪಕ್ಕದಲ್ಲಿ ಅವಕ್ಕೆ ಕೆಲಸ ಇಲ್ಲ.

ಫೈರ್‌ಫಾಕ್ಸ್ ಆಡ್-ಆನ್‌ಗಳ ಹಳೇ ಪದ್ಧತಿಯನ್ನು ಉಳಿಸಿಕೊಂಡಿದೆ. ಅದರಲ್ಲಿ ಯೂಬ್ಲಾಕ್ ಬರೀ ಉಳಿದುಕೊಂಡಿಲ್ಲ, ಇಲ್ಲಿ ಅದರ ಕೈ ಹೆಚ್ಚು ಉದ್ದ. ನೀವು ಎಲ್ಲೆಲ್ಲಿ ಹೋಗುತ್ತೀರಿ ಅಂತ ಬೆನ್ನು ಹತ್ತುವ ಕೆಲವು ಟ್ರ್ಯಾಕರ್‌ಗಳು ಸೈಟಿನ ಸ್ವಂತ ಉಪಡೊಮೇನ್ ವೇಷ ಹಾಕಿಕೊಂಡು ಬರುತ್ತವೆ. ಹೆಸರು ಮನೆಯವರದ್ದು, ಹಿಂದೆ ಇರುವ ಸರ್ವರ್ ಬೇರೆಯವರದ್ದು. ಫೈರ್‌ಫಾಕ್ಸ್ ಆಡ್-ಆನ್‌ಗಳಿಗೆ ಡಿಎನ್‌ಎಸ್, ಅಂದರೆ ಹೆಸರಿನ ಹಿಂದೆ ಯಾವ ಸರ್ವರ್ ಇದೆ ಅಂತ ಹೇಳುವ ವ್ಯವಸ್ಥೆ, ನೋಡುವ ಅವಕಾಶ ಕೊಡುವುದರಿಂದ ಯೂಬ್ಲಾಕ್ ಆ ವೇಷ ಕಳಚುತ್ತದೆ. ಕ್ರೋಮ್‌ನಲ್ಲಿ ಹಳೇ ಕಾಲದಲ್ಲೂ ಇದು ಆಗುತ್ತಿರಲಿಲ್ಲ. ಹಾಗಂತ ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದವರು ಸಾಧುಸಂತರಲ್ಲ. ಅವರ ವರಮಾನದ ಬಹುಪಾಲು ಸರ್ಚ್ ಒಪ್ಪಂದಕ್ಕಾಗಿ ಗೂಗಲ್ ಕೊಡುವ ದುಡ್ಡು. ಆ ಹಗ್ಗದ ಮೇಲಿನ ನಡಿಗೆ ಎಷ್ಟು ದಿನ ಅಂತ ನನಗೂ ಅಳುಕಿದೆ.

ಬ್ರೇವ್ ನನ್ನ ಎರಡನೇ ಆಯ್ಕೆ. ಅದರ ತಡೆ ಆಡ್-ಆನ್ ಅಲ್ಲ, ಬ್ರೌಸರ್‌ನ ಒಳಗೇ ಇದೆ. ಹಾಗಾಗಿ ವಿ3 ಅದನ್ನು ಮುಟ್ಟುವುದಿಲ್ಲ. 1995ರಲ್ಲಿ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್ ಬರೆದ ಬ್ರೆಂಡನ್ ಐಕ್ ಅವರೇ ಬ್ರೇವ್ ಕಟ್ಟಿದ್ದು. ಅದರಲ್ಲಿ ಸ್ಕ್ರಿಪ್ಟ್ ಆಫ್ ಮಾಡುವ ಗುಂಡಿಯೂ ಇದೆ! ಬ್ರೇವ್‌ನವರ ಕ್ರಿಪ್ಟೋ (ಡಿಜಿಟಲ್ ನಾಣ್ಯ) ಗದ್ದಲ ನನಗೆ ಹಿಡಿಸುವುದಿಲ್ಲ. 2020ರಲ್ಲಿ ಕ್ರಿಪ್ಟೋ ಸೈಟ್‌ಗಳ ವಿಳಾಸ ಟೈಪ್ ಮಾಡಿದರೆ ತಮಗೆ ಕಮಿಷನ್ ಸಿಗುವ ರೆಫರಲ್ ಕೋಡ್ ತಾನಾಗಿ ಸೇರಿಸುತ್ತಿದ್ದರು, ಸಿಕ್ಕಿಬಿದ್ದ ಮೇಲೆ ತೆಗೆದರು.

ಫೋನ್ ವಿಷಯ ಬೇಗ ಮುಗಿಸುತ್ತೇನೆ. ಆಂಡ್ರಾಯ್ಡ್ ಆದರೆ ಫೈರ್‌ಫಾಕ್ಸ್ ಹಾಕಿ, ಪೂರ್ತಿ ಯೂಬ್ಲಾಕ್ ಅದರಲ್ಲೂ ಓಡುತ್ತದೆ. ಐಫೋನ್‌ನಲ್ಲಿ ಹೆಸರು ಯಾವುದಿದ್ದರೂ ಒಳಗಿರುವುದು ಸಫಾರಿಯ ಎಂಜಿನ್ ವೆಬ್‌ಕಿಟ್. ಅಲ್ಲಿ ಫೈರ್‌ಫಾಕ್ಸ್ ಹಾಕಿಕೊಂಡರೂ ಆಡ್-ಆನ್ ಸಿಗುವುದಿಲ್ಲ. ಸಫಾರಿಯನ್ನೇ ಇಟ್ಟುಕೊಂಡು, 2025ರಲ್ಲಿ ಬಂದ ಯೂಬ್ಲಾಕ್ ಒರಿಜಿನ್ ಲೈಟ್ ಹಾಕುವುದು ಮೇಲು. ಡಿಎನ್‌ಎಸ್ ಮಟ್ಟದಲ್ಲಿ ತಡೆದರೆ ಆ್ಯಪ್‌ಗಳ ಒಳಗಿನ ಜಾಹೀರಾತೂ ಎಷ್ಟೋ ಕಡಿಮೆ ಆಗುತ್ತದೆ. ಯೂಟ್ಯೂಬ್‌ನದ್ದು ಮಾತ್ರ ಹೋಗುವುದಿಲ್ಲ. ವಿಡಿಯೋ, ಜಾಹೀರಾತು ಎರಡೂ ಅಲ್ಲಿ ಒಂದೇ ಬಾಗಿಲಿನಿಂದ ಬರುತ್ತವೆ.

ಅಪ್ಪನ ಕಂಪ್ಯೂಟರ್‌ಗೂ ಇದೇ ಜೋಡಿ ಹಾಕಿಕೊಟ್ಟಿದ್ದೇನೆ, ಮೀಡಿಯಂ ಮೋಡ್ ಬಿಟ್ಟು. ಅವರಿಗೆ ಕೆಂಪು ಬೂದು ಆಟ ಬೇಡ. ಪ್ರಿಂಟರ್ ಡ್ರೈವರ್ ಹುಡುಕಲು ಹೋದರೆ ಪುಟದ ತುಂಬ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿಗಳು ಕಾಣುತ್ತಿದ್ದವು, ನಿಜವಾದದ್ದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ಈಗ ಆ ಒಂದೇ ಕಾಣುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ನಕಲಿ ಸೈಟ್‌ಗಳು ಜಾಹೀರಾತಿನ ರೂಪದಲ್ಲಿ ಬರುತ್ತಿವೆ, ಆಡ್ ಬ್ಲಾಕರ್ ಬಳಸಿ ಅಂತ ಅಮೆರಿಕದ ಎಫ್‌ಬಿಐ ಕೂಡ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. ಇದನ್ನು ಅಪ್ಪನಿಗೆ ಹೇಳಿದಾಗ, "ಪೊಲೀಸರೇ ಹೇಳಿದ್ಮೇಲೆ ಇರಲಿ ಬಿಡು" ಅಂದರು.

ಬರೆಯುವವರ ಹೊಟ್ಟೆಪಾಡು ಏನು ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ನಾನು ದಿನಾ ಓದುವ ಒಂದೆರಡು ಸೈಟ್‌ಗೆ ಚಂದಾ ಕಟ್ಟುತ್ತೇನೆ. ಟ್ರ್ಯಾಕರ್ ಇಲ್ಲದೆ ಬರೀ ಚಿತ್ರ ಹಾಕಿ ಜಾಹೀರಾತು ತೋರಿಸುವ ಕೆಲವು ಸಣ್ಣ ಬ್ಲಾಗ್‌ಗಳಲ್ಲಿ ಯೂಬ್ಲಾಕ್‌ನ ದೊಡ್ಡ ಪವರ್ ಗುಂಡಿ ಒತ್ತಿ ಆಫ್ ಮಾಡಿಟ್ಟಿದ್ದೇನೆ. 'ಬ್ಲಾಕರ್ ತೆಗೆದರೆ ಮಾತ್ರ ಓದಲು ಬಿಡುತ್ತೇವೆ' ಅಂತ ಅಡ್ಡ ನಿಲ್ಲುವ ಸೈಟ್ ಆದರೆ ಪ್ಯಾನೆಲ್ ತೆರೆದು ಪಟ್ಟಿ ನೋಡುತ್ತೇನೆ. ಅದು ಸ್ಕ್ರಾಲ್ ಮಾಡುವಷ್ಟು ಉದ್ದ ಇದ್ದರೆ ಟ್ಯಾಬ್ ಮುಚ್ಚುತ್ತೇನೆ. ಅದೇ ಸುದ್ದಿ ಇನ್ನೊಂದು ಕಡೆ ಇದ್ದೇ ಇರುತ್ತದೆ.