ಚಾಮುಂಡಿ ಬೆಟ್ಟದಿಂದ ಇಳಿಯಲು ಬಸ್ ಹತ್ತಬೇಡಿ

ಪಶ್ಚಿಮ ಘಟ್ಟದ ಚಾರಣಕ್ಕೆ ಹೆಸರು ಕೊಟ್ಟ ಮೈಸೂರಿನವರು ಮೊದಲು ಓಡುವುದು ಚಾಮುಂಡಿ ಬೆಟ್ಟದ ಪಾದಕ್ಕೆ. ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ಬಸ್ಸಿನಲ್ಲಿ ವಾಪಸ್. ಅಲ್ಲಿಗೆ ಅರ್ಧ ಅಭ್ಯಾಸ ಹೋಯಿತು. ಹತ್ತುವಾಗ ಉಸಿರು ಕಟ್ಟುತ್ತದೆ, ಐದು ನಿಮಿಷ ಕೂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆ ಕೆಲಸ ರೂಢಿಯಿಲ್ಲದ ಕಾಲು ಮರುದಿನ ಮಡಚುವುದೇ ಇಲ್ಲ.

ಘಟ್ಟದ ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ, ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಏರು 1,500 ಮೀಟರಿಗೂ ಜಾಸ್ತಿ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಇದರ ಐದನೇ ಒಂದು ಭಾಗದಷ್ಟು. ಆರು ವಾರ ಮುಂಚೆ ಶುರುಮಾಡಿ. ಮೊದಲೆರಡು ವಾರ ಬರಿಗೈಲಿ ಹತ್ತಿ ಇಳಿಯಿರಿ, ವಾರಕ್ಕೆ ಎರಡು ಸಲ. ಮೂರನೇ ವಾರದಿಂದ ಬೆನ್ನಿಗೆ ಮೂರು ಕೆ.ಜಿ., ಐದನೇ ವಾರಕ್ಕೆ ಚಾರಣದಲ್ಲಿ ಹೊರುವ ಪೂರ್ತಿ ಭಾರ, ಒಂದೇ ಬೆಳಿಗ್ಗೆ ಎರಡು ಸುತ್ತು. ಕೊನೆಯ ವಾರ ಬರೀ ನಡಿಗೆ. ಭಾರಕ್ಕೆ ನೀರಿನ ಬಾಟಲಿಯೇ ಒಳ್ಳೆಯದು, ಮಂಡಿ ನೋಯತೊಡಗಿದರೆ ನೀರನ್ನು ಬೆಟ್ಟದ ಮೇಲೇ ಚೆಲ್ಲಿ ಹಗುರಾಗಿ ಇಳಿಯಬಹುದು. ಮಂಡ್ಯದವರಿಗೆ ಪಾಂಡವಪುರದ ಕುಂತಿ ಬೆಟ್ಟ ಇದೆ. ಆದರೆ ಒಣ ಬಂಡೆಯ ಮೇಲೆ ಕಚ್ಚಿ ನಿಲ್ಲುವ ಶೂ ಕಾಡಿನ ಒದ್ದೆ ಬೇರು, ಜೇಡಿಮಣ್ಣಿನ ಮೇಲೆ ಜಾರೀತು. ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಬೇಕು, ಅರ್ಧ ಸೈಜ್ ದೊಡ್ಡದು. ಬಿಗಿಯಾಗಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ನಮ್ಮೂರ ಗಾಳಿ ಬೆವರು ಒಣಗಿಸುತ್ತದೆ, ಘಟ್ಟದ ಗಾಳಿ ಒಣಗಿಸದು. ಅದಕ್ಕೇ ಜೀನ್ಸ್ ಬೇಡ, ಹತ್ತಿ ಬನಿಯನ್ನೂ ಬೇಡ. ದಿನಕ್ಕೆ ಮೂರು ಲೀಟರ್ ನೀರು, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪುಡಿ ಬೆರೆಸಿ. ಬ್ಯಾಗಿನ ಮಳೆಗವಸನ್ನು ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಒಳಗಿಳಿಯುತ್ತದೆ. ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಟ್ಟೆ ತುಂಬಿ.

ಜಿಗಣೆಗೆ ಎಲ್ಲರೂ ಹೆದರುತ್ತಾರೆ, ಅಷ್ಟೇನೂ ಬೇಕಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸಿಕ್ಕಿಸಿ, ಮೇಲೆ ನಶ್ಯ ಬೆರೆಸಿದ ಕೊಬ್ಬರಿ ಎಣ್ಣೆ ಸವರಿ. ಹಳ್ಳ ದಾಟಿದರೆ ಎಣ್ಣೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಎಳೆಯಬೇಡಿ, ಬೆಂಕಿಕಡ್ಡಿಯಿಂದ ಸುಡಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಿಕೊಳ್ಳುತ್ತದೆ. ಸಣ್ಣ ತುದಿಯ ಬಾಯಿಯ ಕೆಳಗೆ ಉಗುರು ತೂರಿಸಿ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲು ತಡೆಯುವುದರಿಂದ ಬಹಳ ಹೊತ್ತು ಸೋರುತ್ತದೆ. ಒತ್ತಿ ಪಟ್ಟಿ ಕಟ್ಟಿದರೆ ಸಾಕು.

ನಿಜವಾಗಿ ಹೆದರಬೇಕಾದದ್ದು ದನದ ಮೈಮೇಲೆ ಕಾಣುವಂಥ ಉಣ್ಣೆ ಹುಳಕ್ಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ಜಿಗಣೆ ಕಡಿಮೆಯೆಂದು ನಾವು ಖುಷಿಪಡುವ ಒಣಗಾಲದಲ್ಲೇ. ತರಗೆಲೆಯ ಮೇಲೆ ಕೂರಬೇಡಿ. ಸಂಜೆ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ವಾಪಸ್ ಬಂದು ವಾರ ಹತ್ತು ದಿನದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲು ಹೇಳಿ.

ದುಡ್ಡು ಕಟ್ಟುವ ಮುಂಚೆ ಗೈಡ್ ಕಡೆಯವರನ್ನು ಕೇಳಬೇಕಾದದ್ದು: ಅರಣ್ಯ ಇಲಾಖೆಯ ಅನುಮತಿ ಯಾರ ಹೆಸರಿನಲ್ಲಿದೆ, ಒಬ್ಬ ಗೈಡಿಗೆ ಎಷ್ಟು ಜನ, ಈ ತಿಂಗಳು ನೀರು ಎಲ್ಲೆಲ್ಲಿ ಸಿಗುತ್ತದೆ, ಎಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ ಹಿಂದಿರುಗಿಸುತ್ತಾರೆ. ಕೊನೆಯದಕ್ಕೆ ‘ನೋಡೋಣ ಬನ್ನಿ ಸಾರ್’ ಎಂದರೆ ಬೇರೆಯವರನ್ನು ಹುಡುಕಿ.