ಹಬ್ಬದ ಹಿಂದಿನ ಸಂಜೆಯ ಕುಮ್ಸಾರ್

ಆಗಸ್ಟ್ 14ರ ಸಂಜೆ. ಮಾರನೇ ದಿನ ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬ. ಕಾರವಾರ, ಅಂಕೋಲೆ ನಡುವಿನ ಇಗರ್ಜಿಯೊಂದರ ಬಾಗಿಲಲ್ಲಿ ನೀರು ಸೋರುವ ಕೊಡೆಗಳ ರಾಶಿ. ಒಳಗೆ ಬಲಗಡೆ ಗೋಡೆಗುಂಟ ಕುಮ್ಸಾರಿಗೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೆ, ನಿಂತವರ ಸಾಲು. ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬೋಟುಗಳು ಮತ್ತೆ ನೀರಿಗಿಳಿದಿವೆ, ಹಾಗಾಗಿ ಸಾಲಿನಲ್ಲಿ ಗಂಡಸರು ಕಡಿಮೆ. ಗುರುಗಳು ಇಬ್ಬರೇ, ಸಿಗುವುದು ಒಂದು ತಾಸು. ತಲಾ ಮೂರು ನಿಮಿಷವೆಂದರೂ ನಲವತ್ತು ಜನಕ್ಕೆ ಸರಿಹೋಯಿತು. ಏನು ಹೇಳಬೇಕು ಎಂದು ಮೊಣಕಾಲೂರಿದ ಮೇಲೆ ಯೋಚಿಸಲು ಶುರುಮಾಡುವವರಿಂದ ಹಿಂದಿನವರ ಸರದಿ ತಪ್ಪುತ್ತದೆ. ಆತ್ಮಪರಿಶೀಲನೆ ಮನೆಯಲ್ಲೇ ಆಗಬೇಕಾದ ಕೆಲಸ. ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಎದುರಿಟ್ಟುಕೊಂಡರೆ ಕಾಲು ಗಂಟೆ ಸಾಕು.

ನಿಯಮ ಚಿಕ್ಕದು. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 916ನೇ ವಿಧಿಯ ಪ್ರಕಾರ, ಮಾರಕ ಪಾಪ ಮಾಡಿದ ಅರಿವಿದ್ದವರು ಮೊದಲು ಪಾಪನಿವೇದನೆ ಮಾಡಬೇಕು, ಆಮೇಲೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿ. ಇದರ ಬೇರು ಬೈಬಲಿನಲ್ಲಿ, ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ: ತನ್ನನ್ನು ತಾನೇ ಪರೀಕ್ಷಿಸಿಕೊಂಡು ಆ ರೊಟ್ಟಿಯನ್ನು ತಿನ್ನಲಿ ಎಂಬ ಮಾತು. ತೊಡಕೆಲ್ಲ ಇರುವುದು ‘ಮಾರಕ’ ಎಂಬ ಪದದಲ್ಲಿ. ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಮೂರೂ ಕೂಡಿದರೆ ಮಾತ್ರ ಮಾರಕ ಪಾಪ. ಒಂದು ತಪ್ಪಿದರೂ ಅಲ್ಲ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕ ಎರಡೂ ಕಡೆ ತಪ್ಪುತ್ತದೆ. ಎಂಟು ದಿನ ಆಳಸಮುದ್ರದಲ್ಲಿದ್ದು ಬೈತಖೋಲ ಬಂದರಿಗೆ ಮರಳಿದ ಕಲಾಸಿ (ಬೋಟಿನ ಕೆಲಸದವ), ಕಡ್ಡಾಯವಾದ ಭಾನುವಾರದ ಪೂಜೆ ತಪ್ಪಿತೆಂದು ಪರಮಪ್ರಸಾದಕ್ಕೆ ಏಳುವುದಿಲ್ಲ. ನಡುನೀರಿನಲ್ಲಿ ಪೂಜೆ ಎಲ್ಲಿಂದ ಬರಬೇಕು? ಸಾಧ್ಯವೇ ಇಲ್ಲದ್ದನ್ನು ಧರ್ಮಸಭೆ ಕೇಳುವುದಿಲ್ಲ. ಜ್ವರದ ಮಗುವನ್ನು ನೋಡಿಕೊಂಡು ಮನೆಯಲ್ಲೇ ಉಳಿದ ತಾಯಿಗೂ ಇದೇ ಮಾತು. ಬೆಳಿಗ್ಗೆ ಸೊಸೆಯ ಮೇಲೆ ರೇಗಿದ್ದು, ಪ್ರಾರ್ಥನೆಯಲ್ಲಿ ಮನಸ್ಸು ಅಲೆದದ್ದು ಲಘು ಪಾಪಗಳು. ಅವನ್ನು ಪರಮಪ್ರಸಾದವೇ ತೊಳೆಯುತ್ತದೆ. ಹೀಗೆ ಏಳದೆ ಉಳಿಯುವವರ ಪಕ್ಕದಲ್ಲೇ, ಬೋಟಿನ ಪಾಲು ಹಂಚುವಾಗ ಕೂಲಿಯವರ ಹಣವನ್ನು ವರ್ಷಗಟ್ಟಲೆ ತಿಂದವರು ನಿರಾಳವಾಗಿ ಎದ್ದು ಹೋಗುತ್ತಾರೆ. ಸೋಮಾರಿತನಕ್ಕೆ ಆರು ತಿಂಗಳು ಭಾನುವಾರವನ್ನೇ ಮರೆತವರೂ ಹೋಗುತ್ತಾರೆ. ಭಯಪಡಬೇಕಾದವರಿಗೆ ಭಯವಿಲ್ಲ, ಬೇಡದವರಿಗೆ ಬೆಟ್ಟದಷ್ಟು.

ಗುರುಗಳಿಗೂ ನಿವೇದಿಸುವವರಿಗೂ ನಡುವಿನ ಜಾಳಿಗೆಯ ಮುಂದೆ ಕ್ರಮ ಹೀಗೆ. ಶಿಲುಬೆಯ ಗುರುತು. ಹಿಂದಿನ ಪಾಪನಿವೇದನೆ ಆಗಿ ಎಷ್ಟು ಕಾಲವಾಯಿತು ಎಂಬ ಮಾತು. ಆಮೇಲೆ ಪಾಪಗಳು. ಮಾರಕ ಪಾಪವಾದರೆ ಯಾವುದು, ಎಷ್ಟು ಸಲ ಎಂದು ಹೇಳಲೇಬೇಕು. ‘ತಪ್ಪು ಮಾಡಿದ್ದೇನೆ ಫಾದರ್’ ಎಂದಷ್ಟೇ ಹೇಳಿದರೆ ಸಾಲದು. ಲೆಕ್ಕ ಸಿಗದಿದ್ದರೆ ‘ವಾರಕ್ಕೆರಡು ಸಲ, ಸುಮಾರು ಒಂದು ವರ್ಷ’ ಎಂದರೆ ಸಾಕು. ಕಥೆ ಬೇಡ. ಬೇರೆಯವರ ಹೆಸರಂತೂ ಬೇಡವೇ ಬೇಡ. ಮೂರು ನಿಮಿಷದಲ್ಲಿ ಎರಡೂವರೆ ನಿಮಿಷ ಅತ್ತೆಯ ಪಾಪ ನಿವೇದಿಸಿ ಏಳುವವರಿದ್ದಾರೆ. ಅತ್ತೆಗೆ ಅದರಿಂದ ಕ್ಷಮೆ ಸಿಗುವುದಿಲ್ಲ.

ನಿವೇದನೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಾಚಿಕೆಯಿಂದ ಒಂದು ಮಾರಕ ಪಾಪವನ್ನು ಬೇಕೆಂದೇ ಮುಚ್ಚಿಟ್ಟು ಉಳಿದದ್ದನ್ನೆಲ್ಲ ಹೇಳುವುದು. ಆಗ ಹೇಳಿದ್ದಕ್ಕೂ ಕ್ಷಮೆಯಿಲ್ಲ, ಇಡೀ ನಿವೇದನೆಯೇ ವ್ಯರ್ಥ. ಮರೆತದ್ದಾದರೆ ಹಾಗಲ್ಲ. ಅದೂ ಕ್ಷಮೆಯಲ್ಲಿ ಸೇರಿಹೋಗಿರುತ್ತದೆ. ನೆನಪಾದಾಗ ಮುಂದಿನ ಸಲ ಹೇಳಿದರಾಯಿತು, ನಡುವೆ ಪರಮಪ್ರಸಾದ ಬಿಡಬೇಕಿಲ್ಲ. ಊರಿನ ಫಾದರಿಗೆ ದನಿಯ ಗುರುತು ಸಿಗುತ್ತದೆಂದು ಅಂಜುವವರು ಬೇರೆ ಊರಿನ ಗುರುಗಳ ಬಳಿ ಹೋಗಬಹುದು, ತಪ್ಪೇನಿಲ್ಲ. ಕೇಳಿದ್ದನ್ನು ಹೊರಗೆ ಬಿಟ್ಟ ಗುರುವಿಗೆ ತನ್ನಿಂತಾನೇ ಬಹಿಷ್ಕಾರ ಬೀಳುತ್ತದೆ. ಕದ್ದದ್ದಾದರೆ ಪಶ್ಚಾತ್ತಾಪದ ಪ್ರಾರ್ಥನೆಯ ಜೊತೆಗೆ ಹಿಂದಿರುಗಿಸುವ ನಿರ್ಧಾರವೂ ಬೇಕು. ಕೂಲಿಯವರ ಪಾಲನ್ನು ಕಿಸೆಯಲ್ಲೇ ಇಟ್ಟುಕೊಂಡು ಪ್ರಾಯಶ್ಚಿತ್ತಕ್ಕೆಂದು ಮೂರು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿ ಮುಗಿಸುವ ಹಾಗಿಲ್ಲ.

ಬೆಳಗಾದರೆ ಪರಮಪ್ರಸಾದಕ್ಕೆ ಮುಂಚಿನ ಉಪವಾಸದ ಪ್ರಶ್ನೆ. ಅಜ್ಜಿಯಂದಿರ ಕಾಲದಲ್ಲಿ ನಡುರಾತ್ರಿಯಿಂದ ಹನಿ ನೀರೂ ಇರಲಿಲ್ಲ. 1953ರಲ್ಲಿ ನೀರಿಗೆ ಅನುಮತಿ ಬಂತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಆ ಒಂದು ಗಂಟೆಯನ್ನು ಎಣಿಸುವುದು ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪರಮಪ್ರಸಾದ ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ. ಏಳೂವರೆಯ ಹಬ್ಬದ ಪೂಜೆಯಲ್ಲಿ ಆ ಹೊತ್ತು ಬರುವಾಗ ಎಂಟೂಕಾಲು ದಾಟಿರುತ್ತದೆ. ಏಳು ಗಂಟೆಗೆ ಚಹಾ ಕುಡಿದವರು ಚಿಂತೆ ಮಾಡಬೇಕಿಲ್ಲ. ನೀರು, ಔಷಧಿ ಯಾವಾಗಲೂ ಆಗುತ್ತದೆ. ಬಿಪಿ ಗುಳಿಗೆ ಬಿಟ್ಟು ಬಂದು ತಲೆ ತಿರುಗಿ ಕೂರುವ ಅಜ್ಜಿಯಂದಿರಿಗೆ ಇದನ್ನು ಕಿವಿಯಲ್ಲಿ ಕೂಗಿ ಹೇಳಬೇಕು. ವಯಸ್ಸಾದವರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ. ಕವಳ (ಎಲೆಯಡಿಕೆ) ಮಾತ್ರ ಬೇಡ. ಕೆಂಪು ನಾಲಗೆಯ ಮೇಲೆ ಆ ತೆಳ್ಳನೆಯ ಬಿಳಿ ಬಿಲ್ಲೆಯನ್ನು ಇಡುವಾಗ ಫಾದರ್ ಮುಖ ನೋಡಬೇಕು.

ಹಬ್ಬಕ್ಕೆ, ಮದುವೆಗೆ ನೆರೆಮನೆಯ ಹಿಂದೂಗಳೂ ಬರುತ್ತಾರೆ. ‘ಪ್ರಸಾದ’ ಎಂದು ಕಿವಿಗೆ ಬಿದ್ದೊಡನೆ ದೇವಸ್ಥಾನದ ವಾಡಿಕೆಯಂತೆ ಎದ್ದು ಬಂದು ಬಲಗೈ ಚಾಚುತ್ತಾರೆ. ಅದು ಅವರ ಭಕ್ತಿ, ತಪ್ಪಲ್ಲ. ಕರೆದುಕೊಂಡು ಬಂದವರು ಮೊದಲೇ ಹೇಳದಿರುವುದು ತಪ್ಪು. ‘ಅಣ್ಣಾ, ಅದು ದೀಕ್ಷಾಸ್ನಾನವಾದ ನಮ್ಮವರಿಗೆ ಮಾತ್ರ, ನೀವು ಇಲ್ಲೇ ಕೂತಿರಿ’ ಎಂದು ಪೂಜೆಗೆ ಮುಂಚೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪೀಠದ ಮುಂದೆ ಚಾಚಿದ ಕೈಯನ್ನು ಹಿಂದೆ ಕಳಿಸುವುದೇ ಕಷ್ಟ.

ಇನ್ನೊಂದು ಕಷ್ಟ ನಮ್ಮವರದ್ದೇ. ಬೆಂಚಿನಲ್ಲಿದ್ದ ಎಂಟು ಜನರಲ್ಲಿ ಏಳು ಜನ ಎದ್ದರೆ ಎಂಟನೆಯವರು ಕೂತಿರುವುದು ಇಡೀ ಇಗರ್ಜಿಗೆ ಕಾಣುತ್ತದೆ. ಏನೋ ಮಾಡಿಕೊಂಡಿದ್ದಾರೆ ಎಂದು ಹಿಂದಿನ ಸಾಲು ಪಿಸುಗುಟ್ಟುತ್ತದೆ. ಆ ಅಂಜಿಕೆಗೇ ಎಷ್ಟೋ ಜನ ಏಳುತ್ತಾರೆ. ಕೂತವರು ಉಪವಾಸ ಮುರಿದಿರಬಹುದು, ಬೆಳಿಗ್ಗೆ ಇನ್ನೊಂದು ಪೂಜೆಯಲ್ಲೇ ಸ್ವೀಕರಿಸಿ ಬಂದಿರಬಹುದು. ‘ಯಾಕೆ ಹೋಗಲಿಲ್ಲ?’ ಎಂದು ಮನೆಯವರೂ ಕೇಳಬಾರದು, ಅಮ್ಮನೂ ಕೇಳಬಾರದು.

ಗುರುಗಳು ಸಿಗದೆ, ಸ್ವೀಕರಿಸಲೇಬೇಕಾದ ಗಂಭೀರ ಕಾರಣವೂ ಇದ್ದರೆ, ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪೂರ್ಣ ಪಶ್ಚಾತ್ತಾಪ ಪಟ್ಟು, ಬೇಗನೆ ನಿವೇದಿಸುವ ನಿರ್ಧಾರ ಮಾಡಿ ಮುಂದೆ ಹೋಗಲು ಅದೇ 916ನೇ ವಿಧಿ ದಾರಿ ಬಿಟ್ಟಿದೆ. ಬೆಂಚಿನವರ ನೋಟ ಮಾತ್ರ ಆ ಗಂಭೀರ ಕಾರಣಗಳಲ್ಲಿ ಸೇರುವುದಿಲ್ಲ. ಕೂತೇ ಉಳಿದವರು ಪೂಜೆ ಮುಗಿದೊಡನೆ ಹಿಂದಿನ ಕೋಣೆಗೆ ಹೋಗಿ, ಪೂಜಾವಸ್ತ್ರ ಕಳಚುತ್ತಿರುವ ಗುರುಗಳನ್ನು ‘ಫಾದರ್, ಐದು ನಿಮಿಷ’ ಎಂದು ಕೇಳಬಹುದು. ಹಬ್ಬದ ತಿಂಡಿಗೆ ಇಬ್ಬರೂ ಸ್ವಲ್ಪ ತಡವಾಗಿ ಬರುತ್ತಾರೆ, ಅಷ್ಟೇ.