ವಿಮಾನದ ಟಿಕೆಟ್ ಮಾಡಿಕೊಡುವವರು ಮೆಕ್ಕೆಜೋಳದ ದರವನ್ನೂ ನೋಡಬೇಕು

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ 'ಟಿಕೆಟ್ ಎಷ್ಟು?' ಎಂದು ಗಿರಾಕಿ ಕೇಳಿದರೆ ಪರದೆಯ ಮೇಲಿನ ದರ ಅರ್ಧ ಉತ್ತರ ಮಾತ್ರ. ಹುಬ್ಬಳ್ಳಿ ಸುಮಾರು 150 ಕಿ.ಮೀ., ದೇವನಹಳ್ಳಿ 270ರ ಆಸುಪಾಸು, ಶಿವಮೊಗ್ಗದ ಸೋಗಾನೆ ಎರಡಕ್ಕಿಂತ ಹತ್ತಿರ. ಕಾರಿನ ಬಾಡಿಗೆ, ಟೋಲ್, ನಸುಕಿನ ವಿಮಾನವಾದರೆ ಹಿಂದಿನ ರಾತ್ರಿಯ ಲಾಡ್ಜ್ ಎಲ್ಲ ಕೂಡಿಸಿಯೇ ಹೇಳಿ. ಕಾರಿನ ಖರ್ಚು ನಾಲ್ವರಿದ್ದರೆ ಹಂಚಿಹೋಗುತ್ತದೆ, ಒಬ್ಬರೇ ಆದರೆ ಪೂರ್ತಿ ಅವರ ತಲೆಗೇ. ಬೆಂಗಳೂರಿಗಷ್ಟೇ ಹೋಗುವವರಿಗೆ ವಿಮಾನದ ಮಾತೇ ಬೇಡ. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಇಲ್ಲಿ ನಿಲ್ಲುತ್ತದೆ. ದೆಹಲಿ, ಸೂರತ್ ಎಂದಾಗ ಲೆಕ್ಕ ಬದಲಾಗುತ್ತದೆ.

ಸೂರತ್‌ಗೆ ಸೀರೆ ಖರೀದಿಗೆ ಹೊರಟ ವ್ಯಾಪಾರಿ ದರ ಸಾವಿರ ಏರಿದರೂ ಹೋಗುತ್ತಾನೆ. ಅವನಿಗೆ ಬೇಕಾದದ್ದು ಸಮಯ, ಜೊತೆಗೆ ಜಿಎಸ್‌ಟಿ ಬಿಲ್. ಅಂಗಡಿಯ ಜಿಎಸ್‌ಟಿ ಸಂಖ್ಯೆಯನ್ನು ಬುಕ್ ಮಾಡುವಾಗಲೇ ಹಾಕಿ, ಆಮೇಲೆ ಸೇರಿಸುವುದು ಕಷ್ಟ. ಕುಟುಂಬದ ಪ್ರವಾಸ ಹಾಗಲ್ಲ. ತಲೆಗೆ 1,500 ಹೆಚ್ಚಾದರೆ ನಾಲ್ವರಿಗೆ 6,000, ಪ್ರವಾಸ ಮುಂದಕ್ಕೆ ಹೋಗುತ್ತದೆ.

ಇಲ್ಲಿನ ಕುಟುಂಬಗಳ ಬೇಡಿಕೆ ಬೆಳೆಯ ಹಣದ ಹಿಂದೆ ಬರುತ್ತದೆ. ಮೆಕ್ಕೆಜೋಳ ಅಕ್ಟೋಬರ್ ನಂತರ ಮಾರುಕಟ್ಟೆಗೆ ಬರುತ್ತದೆ, ಚನ್ನಗಿರಿ ಕಡೆಯ ಅಡಿಕೆ ಕೊಯ್ಲೂ ಹೆಚ್ಚುಕಡಿಮೆ ಆಗಲೇ. ಕೈಯಲ್ಲಿ ಕಾಸು ಆಡುವ ಹೊತ್ತಿಗೆ ಡಿಸೆಂಬರ್ ಕೊನೆ, ದೇಶಕ್ಕೆಲ್ಲ ರಜೆ, ದರ ಗಗನಕ್ಕೆ. ಶಾಲೆಯ ಮಕ್ಕಳಿಲ್ಲದ ಮನೆಯವರಿಗೆ ಜನವರಿ ಮೂರನೇ ವಾರದಿಂದ ಮಾರ್ಚ್ ಆರಂಭದವರೆಗಿನ ದಿನಗಳನ್ನು ತೋರಿಸಿ. ಪರೀಕ್ಷೆಯ ಕಾಲವಾದ್ದರಿಂದ ಸಾಮಾನ್ಯವಾಗಿ ದರ ಇಳಿದಿರುತ್ತದೆ.

ತಪ್ಪು ಹೆಚ್ಚಾಗುವುದು ಹುಡುಕುವ ರೀತಿಯಲ್ಲೇ. ಒಂದೇ ವಿಮಾನದಲ್ಲಿ ಸೀಟುಗಳು ಬೇರೆಬೇರೆ ದರದ ಗುಂಪುಗಳಲ್ಲಿರುತ್ತವೆ. ಕಡಿಮೆ ದರದಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಕೇಳಿದರೆ, ನಾಲ್ಕಕ್ಕೂ ಮೇಲಿನ ದರ ಬೀಳಬಹುದು. ಮೊದಲು ನಾಲ್ಕಕ್ಕೆ, ಆಮೇಲೆ ಎರಡಕ್ಕೆ, ಒಂದಕ್ಕೆ ಹುಡುಕಿ ನೋಡಿ. ವ್ಯತ್ಯಾಸವಿದ್ದರೆ ಎರಡು ಪಿಎನ್‌ಆರ್ ಮಾಡಿ. ಮಗು ಇರುವ ಪಿಎನ್‌ಆರ್‌ನಲ್ಲಿ ದೊಡ್ಡವರೊಬ್ಬರಾದರೂ ಇರಲೇಬೇಕು, ಇದನ್ನು ಮರೆಯುವವರು ಬಹಳ.

ದರ ಏರಿಸುವ ಕೆಲವು ಕಾರಣಗಳು ನಮ್ಮೂರಿನವಲ್ಲ. ವಿಮಾನ ಇಂಧನದ ಬೆಲೆ ಪ್ರತಿ ತಿಂಗಳ 1ರಂದು ಪರಿಷ್ಕರಣೆಯಾಗುತ್ತದೆ. ಅದು ಜಿಎಸ್‌ಟಿಯ ಹೊರಗಿದ್ದು ರಾಜ್ಯದ ತೆರಿಗೆ ಬೇರೆ. ವಿಮಾನಗಳ ಬಾಡಿಗೆ ಹೆಚ್ಚಾಗಿ ಡಾಲರ್‌ನಲ್ಲಿ. 2023ರ ಮೇನಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತಾಗ ಅದು ಹಾರುತ್ತಿದ್ದ ಮಾರ್ಗಗಳಲ್ಲಿ ಸೀಟು ಕಡಿಮೆಯಾಗಿ ದರ ಏರಿತು.

ಸಣ್ಣ ನಿಲ್ದಾಣಗಳ ಮಾರ್ಗಗಳು ಯಾಕೆ ನಿಲ್ಲುತ್ತವೆ ಎಂಬುದಕ್ಕೂ ಲೆಕ್ಕವಿದೆ. 78 ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ ಒಮ್ಮೆ ಹಾರಲು 2 ಲಕ್ಷ ಬೀಳುತ್ತದೆ ಎಂದಿಟ್ಟುಕೊಳ್ಳಿ. 60 ಜನ ಇದ್ದರೆ ತಲೆಗೆ ಸುಮಾರು 3,333, 39 ಜನ ಇದ್ದರೆ 5,128. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಸಹಾಯಧನ ಆ ಅಂತರ ತುಂಬುತ್ತದೆ, ಆದರೆ ಮೂರು ವರ್ಷ ಮಾತ್ರ. ಆದ್ದರಿಂದ ಸೋಗಾನೆಯಂಥ ಕಡೆಯಿಂದ ಹೊರಟು ಮುಂದೆ ವಿಮಾನ ಬದಲಿಸುವವರಿಗೆ ಎರಡು ಕಂಪನಿಗಳ ಪ್ರತ್ಯೇಕ ಟಿಕೆಟ್ ಮಾಡಬೇಡಿ. ಮೊದಲನೆಯದು ರದ್ದಾದರೆ ಅದರ ಹಣ ವಾಪಸ್ ಬರುತ್ತದೆ. ಎರಡನೆಯ ಕಂಪನಿ ಮಾತ್ರ ಗಿರಾಕಿಯೇ ಬರಲಿಲ್ಲವೆಂದು ಬರೆದುಕೊಳ್ಳುತ್ತದೆ.